ಗಡಿಕಲ್ಲಿನ ಆಚೆಯ ನೆಲದಜ್ಜ

ತಾಂಗ್ ದೆಶುನ್‌ನ ತಾಯಿ ಯಾವಾಗ ಸಾಯುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ. ಮುದುಕಿಯ ಮೇಲೆ ನನಗೆ ಹಗೆಯಿರಲಿಲ್ಲ, ಅವಳು ಒಳ್ಳೆಯವಳೇ. ಹಗೆಯಿದ್ದದ್ದು ಮಗನ ಮೇಲೆ. ಆದರೆ ಅವನು ನನ್ನ ಕೈಗೆ ಸಿಗಬೇಕಾದರೆ ಅವಳು ಸಾಯಲೇಬೇಕಿತ್ತು, ಬೇರೆ ದಾರಿ ಕಾಣಲಿಲ್ಲ.

ದೆಶುನ್ ನಮ್ಮ ಊರಿನ ಪಕ್ಷದ ಕಾರ್ಯದರ್ಶಿ, ಅಂದರೆ ಊರಿನ ಯಜಮಾನಿಕೆಯೆಲ್ಲ ಅವನದೇ. ನಮ್ಮ ಊರು ಅಂದೆನಲ್ಲ, ಅದೂ ಸುಳ್ಳು. ನಮ್ಮದು ಹೌಪೋ, ಹೊಳೆಯ ಈಚೆ ಗುಡ್ಡದ ಇಳಿಜಾರಿನಲ್ಲಿ. ಅವನದು ಚಿಯಾನ್ವಾ, ಹೊಳೆಯ ಆಚೆ ತಗ್ಗಿನಲ್ಲಿ. ನಡುವೆ ಒಂದು ಸೇತುವೆ. ಲ್ಯೂಗೌ ಪಟ್ಟಣದ ಕಚೇರಿಯಲ್ಲಿ ಕುಳಿತ ಯಾರೋ ಪುಣ್ಯಾತ್ಮರು ನಕ್ಷೆ ಹಾಸಿಕೊಂಡು ನೋಡಿ, ಇಷ್ಟು ಹತ್ತಿರ ಎರಡು ಊರು ಯಾಕೆ, ಎರಡು ಕಚೇರಿ, ಎರಡು ಮೊಹರು ಯಾಕೆ ಎಂದುಕೊಂಡು ಎರಡನ್ನೂ ಸೇರಿಸಿ ಒಂದು ಮಾಡಿದರು. ಯಾವ ಊರಿನ ಹೆಸರು ಉಳಿಯಬೇಕು ಎಂದು ಜಗಳವಾದಾಗ ಎರಡೂ ಬೇಡವೆಂದು ಶಿಂಗ್ಫೂ ಎಂದು ಇಟ್ಟರು. ಶಿಂಗ್ಫೂ ಎಂದರೆ ಸುಖ. ನಮ್ಮ ಮೊಹರು ಕಿತ್ತುಕೊಂಡರು. ನಮ್ಮ ಕಚೇರಿಯ ಧ್ವನಿವರ್ಧಕ ಬಿಚ್ಚಿಕೊಂಡು ಹೋಗಿ ಆಚೆ ದಡದ ಕಂಬಕ್ಕೆ ಕಟ್ಟಿದರು. ಕುರ್ಚಿ ದೆಶುನ್‌ಗೆ ಹೋಯಿತು. ಅಲ್ಲಿಂದ ಮುಂದೆ ಬೆಳಗಾದರೆ ಅವನ ಗಂಟಲು ಕೇಳುತ್ತಲೇ ನಾವು ಹಲ್ಲುಜ್ಜಬೇಕಿತ್ತು. ಅಂಥ ಸುಖ.

ಅಷ್ಟನ್ನೂ ನಾನು ನುಂಗಿಕೊಂಡಿದ್ದೆ. ಹೆಸರು ಹೋದರೆ ಹೊಟ್ಟೆಗೇನು ಕಡಿಮೆಯಾಗುತ್ತದೆ ಎಂದು ನನ್ನ ಗಂಡ ಮು ಚಾಂಗ್ಗೆನ್ ಅನ್ನುತ್ತಿದ್ದ. ಅವನು ಕಲ್ಲು ಕ್ವಾರಿಯಲ್ಲಿ ದುಡಿದು ಎದೆಯ ತುಂಬ ಧೂಳು ತುಂಬಿಕೊಂಡಿದ್ದ ಮನುಷ್ಯ. ಒಂದು ಮಾತು ಆಡಲು ಎರಡು ಸಲ ಉಸಿರು ತೆಗೆದುಕೊಳ್ಳಬೇಕಿತ್ತು. ಹಾಗಾಗಿ ಅವನು ಯಾರ ಜತೆಗೂ ಜಗಳ ಆಡುತ್ತಿರಲಿಲ್ಲ. ಆ ಕೆಲಸ ನನ್ನ ಪಾಲಿಗಿತ್ತು.

ಶಾನ್‌ದೋಂಗ್ ಪ್ರಾಂತ್ಯದ ಈ ನಮ್ಮ ಗುಡ್ಡಗಾಡಿನಲ್ಲಿ ಮನುಷ್ಯ ಸತ್ತರೆ ಎರಡು ಕಡೆ ತಿಳಿಸಬೇಕು. ಪಟ್ಟಣದ ಪೊಲೀಸ್ ಠಾಣೆಗೆ, ಹೆಸರು ಹೊಡೆದುಹಾಕಲು. ಊರಿನ ನೆಲದಜ್ಜನಿಗೆ, ಹೆಸರು ಸೇರಿಸಲು. ನೆಲದಜ್ಜ ದೊಡ್ಡ ದೇವರೇನಲ್ಲ. ದೇವರ ಸರ್ಕಾರದಲ್ಲಿ ಅವನದು ಊರ ಕಾರ್ಯದರ್ಶಿಯ ದರ್ಜೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೂ ಇರಬಹುದು. ಮೊಣಕಾಲೆತ್ತರದ ಕಲ್ಲುಗುಡಿಯಲ್ಲಿ ಮಣ್ಣಿನ ಅಜ್ಜ, ಪಕ್ಕದಲ್ಲಿ ಮಣ್ಣಿನ ಅಜ್ಜಿ. ಆದರೆ ಸತ್ತವರ ಜೀವ ಮಣ್ಣಿಗಿಡುವ ತನಕ ಇರುವುದು ಅಲ್ಲೇ. ಮನೆಯವರು ಬಿಳಿ ಬಟ್ಟೆ ಉಟ್ಟು, ಅಳುತ್ತಾ ಸಾಲಾಗಿ ಹೋಗಿ, ಮಂಡಿಯೂರಿ, ಇಂಥ ಊರಿನ ಇಂಥವರು ಬರುತ್ತಿದ್ದಾರೆ ಒಳಗೆ ಕರೆದುಕೊಳ್ಳಿ ಎಂದು ಸುದ್ದಿ ಮುಟ್ಟಿಸಬೇಕು. ಆಮೇಲೆ ಹೊತ್ತು ಹೊತ್ತಿಗೆ ನವಣೆ ಗಂಜಿಯ ತಿಳಿ ಒಯ್ದು ಗುಡಿಯ ಮುಂದೆ ಸುರಿಯಬೇಕು. ಸುದ್ದಿ ಮುಟ್ಟದ ಜೀವ ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಬಾಗಿಲಲ್ಲೇ ನಿಂತಿರುತ್ತದೆ ಎನ್ನುತ್ತಾರೆ.

ನಮ್ಮ ನೆಲದಜ್ಜನ ಗುಡಿ ಇದ್ದದ್ದು ಊರ ಬಾಯಲ್ಲಿ, ರಸ್ತೆಯ ತಿರುವಿನಲ್ಲಿ. ಆ ತಿರುವಿನಲ್ಲೇ ಶಿಂಗ್ಫೂ ಎಂದು ಬರೆದ ದೊಡ್ಡ ಕಮಾನು ಏಳಬೇಕೆಂದು ದೆಶುನ್ ತೀರ್ಮಾನಿಸಿದ. ಆಗ ಚಾಂಗ್ಗೆನ್ ಕೊನೆಯ ದಿನಗಳನ್ನು ಎಣಿಸುತ್ತಿದ್ದ. ಅವನ ಉಗುರು ನೀಲಿಯಾಗಿದ್ದವು. ನಾನು ಸೇತುವೆ ದಾಟಿ ದೆಶುನ್ ಮನೆಗೆ ಹೋಗಿ, ಇವರದೊಂದು ಮುಗಿಯುವ ತನಕ ತಡೆದುಕೊಳ್ಳಪ್ಪಾ, ಆಮೇಲೆ ಏನಾದರೂ ಮಾಡಿಕೋ ಎಂದು ಕೇಳಿಕೊಂಡೆ. ನಾನು, ಈ ಚುನ್‌ಶಿಂಗ್, ಅವನ ಜಗುಲಿಯಲ್ಲಿ ನಿಂತು ಕೈಮುಗಿದು ಕೇಳಿಕೊಂಡೆ. ಅವನು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಾ, ಪಟ್ಟಣದ ಸಾಹೇಬರು ಕಮಾನು ನೋಡಲು ಬರುತ್ತಾರೆ, ದಿನ ಗೊತ್ತಾಗಿದೆ ಎಂದ. ಅಣ್ಣನಿಗೇ ಹೇಳಿ ಸಾವನ್ನು ಮುಂದಕ್ಕೆ ಹಾಕಿಸಿ ಅತ್ತಿಗೆ ಎಂದು ನಕ್ಕ. ಅವನ ಸಿಪ್ಪೆ ನನ್ನ ಕಾಲ ಮೇಲೆ ಬಿತ್ತು. ಒಳಗಿನಿಂದ ಅವನ ತಾಯಿ ಮಗನನ್ನು ಬೈದದ್ದು ಕೇಳಿಸಿತು, ಆದರೆ ತಾಯಿಯ ಮಾತು ಯಾವ ಕಚೇರಿಯಲ್ಲಿ ನಡೆಯುತ್ತದೆ.

ಬೆಳಿಗ್ಗೆ ಬುಲ್ಡೋಜರ್ ಬಂದು ಗುಡಿಯನ್ನು ಕೆಡವಿತು. ಮಧ್ಯಾಹ್ನ ನನ್ನ ಗಂಡ ಸತ್ತ.

ನಮಗೆ ಗಂಡುಮಕ್ಕಳಿಲ್ಲ. ಇರುವವಳು ಒಬ್ಬಳೇ ಮಗಳು ಯಾಚಿನ್. ಹಣೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಗಂಜಿಯ ಮಡಕೆ ಹಿಡಿದು ಅವಳೇ ಮುಂದೆ ನಡೆದಳು. ಹಿಂದೆ ಹೌಪೋದ ಜನ. ನಮ್ಮ ಗುಡಿ ಇಲ್ಲ, ಈಗ ಎರಡೂ ಊರು ಒಂದೇ ಅಲ್ಲವೇ, ಆಚೆ ದಡದ ಗುಡಿಯಲ್ಲಿ ಸುದ್ದಿ ಮುಟ್ಟಿಸೋಣ ಎಂದು ಹೊರಟೆವು. ಸೇತುವೆಯ ಆ ತುದಿಯಲ್ಲಿ ದೆಶುನ್ ತನ್ನ ಜನರನ್ನು ಕಟ್ಟಿಕೊಂಡು ನಿಂತಿದ್ದ. ಬೇರೆ ಊರಿನ ಹೆಣದ ಸುದ್ದಿ ತಮ್ಮ ಗುಡಿಗೆ ಬಂದರೆ ಅದರ ಬೆನ್ನಿಗೆ ತಮ್ಮ ಮನೆಯವರೂ ಹೋಗುತ್ತಾರೆ ಎಂದು ಚಿಯಾನ್ವಾದವರಿಗೆ ಭಯ. ಎರಡೂ ಊರು ಒಂದೇ ಎಂದು ದಿನಾ ಕೂಗುವವನು ನೀನೇ ಅಲ್ಲವಾ ಎಂದು ನಾನು ಕೇಳಿದೆ. ಅದು ಬದುಕಿದವರ ಲೆಕ್ಕಕ್ಕೆ ಎಂದ. ಆಮೇಲೆ ನನ್ನ ಮಗಳ ಕೈಲಿದ್ದ ಮಡಕೆ ನೋಡಿ ಒಂದು ಮಾತು ಹೇಳಿದ.

"ಮಗಳು ಸುದ್ದಿ ಮುಟ್ಟಿಸಿದ್ರೆ ಅದು ಲೆಕ್ಕಕ್ಕೇ ಬರೋದಿಲ್ಲ ಅತ್ತಿಗೆ. ಮಗ ಬೇಕು ಅದಕ್ಕೆ. ನಿಮಗೆ ಎಲ್ಲಿ ಸುರಿದ್ರೂ ಅಷ್ಟೇ. ಹಿಂದಕ್ಕೆ ಹೋಗಿ, ಅಲ್ಲೇ ಎಲ್ಲಾದ್ರೂ ಸುರೀರಿ."

ಯಾಚಿನ್ ಅಳಲಿಲ್ಲ. ತಿರುಗಿ ನಡೆದಳು. ಕಮಾನಿಗೆಂದು ಅಗೆದ ಗುಂಡಿಯ ಪಕ್ಕ, ಒಡೆದ ಗುಡಿಯ ಕಲ್ಲುಗಳ ಮೇಲೆ ಗಂಜಿ ಸುರಿದು, ರಸ್ತೆಯ ಹಸಿ ಡಾಂಬರಿಗೆ ಹಣೆ ಹಚ್ಚಿ, ಹೌಪೋ ಊರಿನ ಮು ಚಾಂಗ್ಗೆನ್, ನನ್ನ ಅಪ್ಪ, ಬರುತ್ತಿದ್ದಾರೆ, ಒಳಗೆ ಕರೆದುಕೊಳ್ಳಿ ಎಂದು ಗಟ್ಟಿಯಾಗಿ ಹೇಳಿದಳು. ಬುಲ್ಡೋಜರಿನವನು ಯಂತ್ರ ನಿಲ್ಲಿಸಲೂ ಇಲ್ಲ. ಅವಳ ಹಣೆಗೆ ಅಂಟಿದ ಡಾಂಬರನ್ನು ನಾನು ಸೀಮೆಎಣ್ಣೆ ಹಚ್ಚಿ ಒರೆಸಿದೆ. ಒರೆಸುತ್ತಲೇ ಮನಸ್ಸಿನಲ್ಲಿ, ದೆಶುನ್, ನಿನಗೂ ಒಬ್ಬಳು ತಾಯಿ ಇದ್ದಾಳೆ ಕಣೋ ಎಂದುಕೊಂಡೆ.

ಗಂಡನನ್ನು ಮಣ್ಣಿಗಿಟ್ಟ ಮೇಲೆ ಆ ಕಲ್ಲುರಾಶಿ ಕೆದಕಿದೆ. ಅಜ್ಜನಿಗೆ ಒಂದು ಕಿವಿ ಮುಕ್ಕಾಗಿತ್ತು, ಅಜ್ಜಿಯ ಮೂಗು ಹೋಗಿತ್ತು. ಇಬ್ಬರನ್ನೂ ಬೆನ್ನುಬುಟ್ಟಿಯಲ್ಲಿ ಹಾಕಿಕೊಂಡು, ಮೇಲೆ ಗೆಣಸಿನ ಬಳ್ಳಿ ಮುಚ್ಚಿ, ಊರ ಹಿಂದಿನ ಗುಡ್ಡ ಹತ್ತಿದೆ. ಗುಡ್ಡದ ನೆತ್ತಿಯ ಮೇಲೆ ಒಂದು ಗಡಿಕಲ್ಲಿದೆ. ಅದರ ಈಚೆ ಮುಖದಲ್ಲಿ ಲ್ಯೂಗೌ ಎಂದು ಕೆತ್ತಿದ್ದಾರೆ, ಆಚೆ ಮುಖದಲ್ಲಿ ಮಾಲಿಂಗ್ ಎಂದು. ಈಚೆ ಬಿದ್ದ ಮಳೆ ನಮ್ಮ ಹೊಳೆಗೆ, ಆಚೆ ಬಿದ್ದದ್ದು ಅವರ ಕೆರೆಗೆ. ಮಾಲಿಂಗ್ ಪಟ್ಟಣದ ಕಡೆಯದು ನನ್ನ ತವರು. ಕಲ್ಲಿಗೆ ತಾಗಿಕೊಂಡೇ ನನ್ನ ತಮ್ಮನ ಅಕ್ರೋಟಿನ ತೋಟ. ಕಲ್ಲಿನಿಂದ ಒಂದು ಹೆಜ್ಜೆ ಆಚೆಗೆ ಅಜ್ಜ ಅಜ್ಜಿಯನ್ನು ಕೂರಿಸಿದೆ. ತಮ್ಮನೇ ಹೊಸ ಕಲ್ಲುಚಪ್ಪಡಿ ಹೊದಿಸಿ ಗುಡಿ ಕಟ್ಟಿದ. ಅಜ್ಜ ಮಾತ್ರ ಹೌಪೋದವನೇ. ಅವನ ಮುಖ ಈ ಕಡೆಗೆ, ನಮ್ಮ ಇಳಿಜಾರಿನ ಕಡೆಗೆ.

ಸುದ್ದಿ ತಿಳಿದ ದೆಶುನ್ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದ. ಗುಡಿಗೂ ಅವನಿಗೂ ನಡುವೆ ಒಂದೇ ಹೆಜ್ಜೆ. ನಾನು ಗಡಿಕಲ್ಲಿನ ಮೇಲೆ ಕುಳಿತು ಈರುಳ್ಳಿ ಸುತ್ತಿದ ಜೋಳದ ರೊಟ್ಟಿ ತಿನ್ನುತ್ತಿದ್ದೆ. ಅವನು ಕಲ್ಲಿನ ಮೇಲಿನ ಅಕ್ಷರ ಓದಿದ, ಗುಡಿ ನೋಡಿದ, ಮತ್ತೆ ಅಕ್ಷರ ಓದಿದ. ಅಲ್ಲೇ ನಿಂತು ಮಾಲಿಂಗ್ ಪಟ್ಟಣದ ಕಚೇರಿಗೆ ಫೋನು ಹಚ್ಚಿದ. ಲ್ಯೂಗೌದವನೊಬ್ಬ ಫೋನು ಮಾಡಿ ಅವರ ಪಟ್ಟಣದಲ್ಲಿ ಇದು ಕೆಡವಿ ಅದು ಕೆಡವಿ ಎಂದರೆ ಯಾರು ಕೇಳುತ್ತಾರೆ. ಮೇಲಿನ ಜಿಲ್ಲಾ ಕಚೇರಿಯ ಮೂಲಕ ಬನ್ನಿ ಎಂದರಂತೆ. ಜಿಲ್ಲೆಗೆ ಹೋದರೆ, ಹಳೆ ಗುಡಿ ಕೆಡವಿದ್ದು ಯಾರು, ಯಾವತ್ತು, ನಮ್ಮ ಮನೆಯಲ್ಲಿ ಅವತ್ತು ಏನಾಗಿತ್ತು ಎಂಬ ಮಾತೂ ಏಳುತ್ತದೆ. ಅವನು ಫೋನು ಜೇಬಿಗೆ ಹಾಕಿಕೊಂಡ. ರೊಟ್ಟಿ ತಿಂತೀಯಾ ಎಂದು ಕೇಳಿದೆ. ಅವನು ಗುಡ್ಡ ಇಳಿದು ಹೋದ.

ಆಮೇಲೆ ಲ್ಯೂಗೌ ಪಟ್ಟಣದವರ ಕಣ್ಣು ತಗ್ಗಿನ ಚಪ್ಪಟೆ ನೆಲದ ಮೇಲೆ ಬಿತ್ತು. ಮನೆಗಳಿರುವ ಜಾಗವನ್ನು ಹೊಲ ಮಾಡಿದರೆ ಪಟ್ಟಣಕ್ಕೆ ಹೆಸರು ಬರುತ್ತದಂತೆ. ಚಿಯಾನ್ವಾದ ಮನೆಗಳನ್ನೆಲ್ಲ ಕೆಡವಿ, ಜನರನ್ನು ತಂದು ನಮ್ಮ ಇಳಿಜಾರಿನ ಬುಡದಲ್ಲಿ ಎಬ್ಬಿಸಿದ ಮಾಳಿಗೆ ಮನೆಗಳಿಗೆ ತುಂಬಿದರು. ಮನೆಮನೆಗೂ ಹೋಗಿ ಒಪ್ಪಿಸಿ ಸಹಿ ಹಾಕಿಸಿದವನು ದೆಶುನ್ ತಾನೇ. ಮನೆಗಳ ಜತೆಗೆ ಅವರ ನೆಲದಜ್ಜನ ಗುಡಿಯೂ ಹೋಯಿತು. ಅವರ ಅಜ್ಜ ಅಜ್ಜಿಯನ್ನು ಯಾರೂ ಬುಟ್ಟಿಯಲ್ಲಿ ಹೊತ್ತು ಬರಲಿಲ್ಲ. ಅಲ್ಲಿ ಈಗ ಬೆಳ್ಳುಳ್ಳಿ ಹೊಲ. ಹೊಟ್ಟೆ ತುಂಬ ನಕ್ಕವಳು ಇಡೀ ಲ್ಯೂಗೌದಲ್ಲಿ ನಾನೊಬ್ಬಳೇ ಇರಬೇಕು.

ಅಲ್ಲಿಂದ ಮುಂದೆ ಚಿಯಾನ್ವಾದ ಯಾರೇ ಸತ್ತರೂ ಗುಡ್ಡ ಹತ್ತಿ ನನ್ನ ಅಜ್ಜನ ಹತ್ತಿರ ಬರಬೇಕಾಯಿತು. ನಾನು ಯಾರನ್ನೂ ತಡೆಯಲಿಲ್ಲ. ಸೇತುವೆಯ ಮೇಲೆ ದೆಶುನ್ ಬೆನ್ನ ಹಿಂದೆ ನಿಂತು ನಮ್ಮನ್ನು ತಡೆದವರ ಮನೆಯ ಹೆಣಗಳಿಗೂ ಅಡ್ಡ ಬರಲಿಲ್ಲ. ಬಂದವರಿಗೆ ನೀರು ಕೊಟ್ಟೆ, ಕಡ್ಡಿಪೆಟ್ಟಿಗೆ ಮರೆತು ಬಂದವರಿಗೆ ಕಡ್ಡಿಪೆಟ್ಟಿಗೆ ಕೊಟ್ಟೆ. ಸಿಟ್ಟನ್ನೆಲ್ಲ ಒಂದೇ ಮನೆಗೆಂದು ಎತ್ತಿಟ್ಟಿದ್ದೆ.

ಆ ಮನೆಯ ಮುದುಕಿ ಮಾಳಿಗೆ ಇಳಿದು ಬಂದು ಬಿಸಿಲಿಗೆ ಕೂರುತ್ತಿದ್ದಳು. ಮೇಲಿನ ಮನೆಯಲ್ಲಿ ಅವಳಿಗೆ ಕೋಳಿಯಿಲ್ಲ, ಅಂಗಳವಿಲ್ಲ, ಕಾಲಿಗೆ ಮಣ್ಣು ತಾಗುವುದಿಲ್ಲ. ನಾನು ಸಂತೆಗೆ ಹೋಗಿ ಬರುವಾಗ ಪಕ್ಕದಲ್ಲಿ ಕುಳಿತು ಒಂದಿಷ್ಟು ಕಡಲೆಕಾಯಿ ಕೊಡುತ್ತಿದ್ದೆ. ಹಲ್ಲಿಲ್ಲದಿದ್ದರೂ ಒಸಡಿನಲ್ಲೇ ಜಗಿಯುತ್ತಿದ್ದಳು. ಅವಳ ಕೆಮ್ಮು ಹೇಗಿದೆ, ಕಾಲು ಊದಿದೆಯೇ ಎಂದು ನಾನು ಕಣ್ಣಲ್ಲೇ ಅಳೆಯುತ್ತಿದ್ದೆ. ಅವಳಿಗೆ ಅದು ಗೊತ್ತಾಗಿತ್ತು.

"ನಾನು ಸಾಯ್ಲಿ ಅಂತ ಕಾಯ್ತಿದ್ದೀಯ ಅಲ್ವೇನೇ?" ಎಂದು ಒಂದು ದಿನ ಕೇಳಿದಳು.

"ಹೂಂ" ಎಂದೆ.

ಮುದುಕಿ ಮೈ ಅಲ್ಲಾಡುವಂತೆ ನಕ್ಕಳು. ನಕ್ಕು ಕೆಮ್ಮಿ, ಕಣ್ಣೊರೆಸಿಕೊಂಡು, ನನ್ನ ಮಣಿಕಟ್ಟು ಹಿಡಿದಳು.

"ಕಾಯಿ. ಅವನು ಮಾಡಿದ್ದಕ್ಕೆ ಅವನಿಗೆ ಬೇಕಾದ್ದು ಮಾಡು, ನಾನು ಅಡ್ಡ ಬರಲ್ಲ. ಆದ್ರೆ ನನ್ನನ್ನ ಮಾತ್ರ ಬಾಗಿಲಲ್ಲೇ ನಿಲ್ಲಿಸ್ಬೇಡ ಮಗಾ. ನನಗೆ ಕಾಲು ನೋವು."

ನಾನು ಉಳಿದ ಕಡಲೆಕಾಯಿ ಅವಳ ಮಡಿಲಿಗೆ ಹಾಕಿ ಎದ್ದು ಬಂದೆ.

ಬೆಳ್ಳುಳ್ಳಿ ನಾಟಿ ಮುಗಿದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ ಅವಳು ಸತ್ತಳು. ಅವತ್ತು ಸಂತೆಯ ದಿನ. ಸುದ್ದಿ ಕಿವಿಗೆ ಬಿದ್ದ ಕೂಡಲೇ ನಾನು ತೂಕಕ್ಕೆ ಹಾಕಿಸಿದ್ದ ಮೂಲಂಗಿ ಅಲ್ಲೇ ಬಿಟ್ಟು ಗುಡ್ಡ ಹತ್ತಿ ಗಡಿಕಲ್ಲಿನ ಮೇಲೆ ಕುಳಿತೆ.

ದೆಶುನ್ ಮೊದಲು ನನ್ನ ಕಡೆಗೆ ಬರಲಿಲ್ಲ. ಬಿಳಿ ಬಟ್ಟೆಯ ಸಾಲು ಕಟ್ಟಿಕೊಂಡು ಸೇತುವೆ ದಾಟಿ ತಗ್ಗಿಗೆ ಹೋದ. ತಮ್ಮ ಹಳೆಯ ಗುಡಿ ಇದ್ದ ಜಾಗ ಹುಡುಕಿದ. ಮೇಲಿನಿಂದ ನನಗೆ ಎಲ್ಲಾ ಕಾಣುತ್ತಿತ್ತು. ಆಗ ತಾನೇ ಮೊಳಕೆ ಬಂದ ಬೆಳ್ಳುಳ್ಳಿಯ ನಡುವೆ ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ನಡೆದರು. ಇಲ್ಲಿ ಎಂದು ಒಬ್ಬರು ತೋರಿಸಿದರೆ ಇಲ್ಲ ಅಲ್ಲಿ ಎಂದು ಇನ್ನೊಬ್ಬರು. ಬಾವಿ ಇದ್ದಿದ್ದರೆ ಅದರ ಗುರುತಿನಿಂದ ಹೇಳಬಹುದಿತ್ತು, ಬಾವಿಯನ್ನೂ ಮುಚ್ಚಿದ್ದರು. ಮರವಿದ್ದಿದ್ದರೆ ಆಗುತ್ತಿತ್ತು, ಮರವನ್ನೂ ಕಡಿದಿದ್ದರು. ಹುಟ್ಟಿ ಬೆಳೆದ ಊರಿನ ನಡುವೆ ನಿಂತು ಅವನಿಗೆ ತನ್ನ ಊರು ಎಲ್ಲಿತ್ತು ಎಂಬುದೇ ತಿಳಿಯಲಿಲ್ಲ. ನಾನು ಕಲ್ಲಿನ ಮೇಲೆ ಕುಳಿತು ನೋಡಿ ನೋಡಿ ಕಣ್ಣು ತಂಪು ಮಾಡಿಕೊಂಡೆ. ಕೊನೆಗೆ ಎಲ್ಲೋ ಒಂದು ಕಡೆ ಗಂಜಿ ಸುರಿದರು.

ಅದು ನಡೆಯಲಿಲ್ಲ. ಮುದುಕಿಯ ತಮ್ಮ ಬಂದಿದ್ದ. ತಾಯಿ ಸತ್ತ ಮನೆಯಲ್ಲಿ ಸೋದರಮಾವನ ಮಾತೇ ಮಾತು. ಪಟ್ಟಣದ ಅಧಿಕಾರಿ ಬಂದರೂ ಅವನ ಎದುರು ಬೆಂಚಿನ ತುದಿಯಲ್ಲಿ ಕೂರಬೇಕು. ಎಲ್ಲಿ ಸುದ್ದಿ ಮುಟ್ಟಿಸಿದೆಯೋ ಎಂದು ಕೇಳಿದನಂತೆ. ಹೊಲದಲ್ಲಿ ಎಂದನಂತೆ ದೆಶುನ್. ನನ್ನ ಅಕ್ಕ ಏನು ಗೊಬ್ಬರವಾ ಎಂದು ಮಾವ ಎದ್ದು ನಿಂತು, ಸರಿಯಾದ ಗುಡಿಯಲ್ಲಿ ಸುದ್ದಿ ಮುಟ್ಟುವ ತನಕ ಹೆಣಕ್ಕೆ ಯಾರೂ ಕೈ ಹಚ್ಚಕೂಡದು ಎಂದು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತನಂತೆ. ಇದನ್ನು ಹೇಳಲು ನಮ್ಮ ಪಕ್ಕದ ಮನೆಯವಳು ತಡಬಡಿಸಿ ಗುಡ್ಡ ಹತ್ತಿ ಓಡಿ ಬಂದಳು. ನಾನು ಅವಳಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ.

ಮಾವ ಮುಂದೆ, ದೆಶುನ್ ಹಿಂದೆ, ಅವನ ಹಿಂದೆ ಎರಡೂ ಊರಿನ ಜನ. ಸಂತೆ ಬೀದಿಯ ಮೇಲಿಂದಲೇ ದಾರಿ, ಹಾಗಾಗಿ ಸಂತೆಯ ಅರ್ಧ ಜನವೂ ಬಂದಿದ್ದರು. ದೆಶುನ್ ಸೊಂಟಕ್ಕೆ ಸೆಣಬಿನ ಹಗ್ಗ ಬಿಗಿದಿದ್ದ, ಕೈಯಲ್ಲಿ ಮಡಕೆಯಿತ್ತು. ಕಣ್ಣು ಊದಿಕೊಂಡಿದ್ದವು. ತಾಯಿಗಾಗಿ ಅತ್ತಿದ್ದ, ನಿಜ. ನನಗೇನೂ ಅನ್ನಿಸಲಿಲ್ಲ.

"ಅತ್ತಿಗೆ, ದಾರಿ ಬಿಡಿ" ಎಂದ.

"ಯಾವ ಊರವ್ರು ಸತ್ತಿದ್ದು?" ಎಂದು ಕೇಳಿದೆ.

"ಶಿಂಗ್ಫೂ."

"ಆ ಹೆಸರಿನ ಊರು ಈ ಅಜ್ಜನಿಗೆ ಗೊತ್ತಿಲ್ಲ ಕಣಪ್ಪ. ಇವನು ಹೌಪೋದವನು, ಹಳೇ ಕಾಲದವನು. ಕಮಾನು ಬಂದಾಗ ಇವನನ್ನ ಕೇಳ್ಲಿಲ್ಲ ಯಾರೂ."

ಜನರಲ್ಲಿ ಯಾರೋ ಕಿಸಕ್ಕೆಂದರು. ದೆಶುನ್ ಮುಖ ಕೆಂಪಾಯಿತು. ಮಾವ ಅವನನ್ನು ನೋಡಿ, ನನ್ನನ್ನು ನೋಡಿ, ನಿನಗೇನು ಬೇಕು ಹೇಳಿಬಿಡಮ್ಮ, ನನ್ನ ಅಕ್ಕನನ್ನು ಕಾಯಿಸಬೇಡ ಎಂದ.

"ಅಕ್ಕನ್ನ ಕಾಯಿಸೋದಿಲ್ಲ. ಕಾಯಿಸ್ಬೇಡ ಅಂತ ಅವ್ರೇ ನನ್ನ ಕೈ ಹಿಡ್ಕೊಂಡು ಕೇಳಿದ್ರು" ಎಂದೆ. ಆಮೇಲೆ ದೆಶುನ್ ಕಡೆಗೆ ತಿರುಗಿದೆ. "ಆದ್ರೆ ಅವ್ರಿಗಿಂತ ಮುಂಚೆ ಬಂದೋರೊಬ್ರು ಬಾಗಿಲಲ್ಲಿ ನಿಂತಿದ್ದಾರೆ. ಸೇತುವೆ ಹತ್ರ ನೀನು ತಡೆದವ್ರು. ಮೊದ್ಲು ಅವ್ರನ್ನ ಒಳಗೆ ಕಳಿಸು, ಆಮೇಲೆ ನಿಮ್ಮಮ್ಮ ಹೋಗ್ಲಿ."

"ಹೇಗೆ ಕಳಿಸ್ಲಿ?"

"ಮಗ ಸುದ್ದಿ ಮುಟ್ಟಿಸಿದ್ರೆ ಮಾತ್ರ ಲೆಕ್ಕ ಅಂದ್ಯಲ್ಲ. ಅವ್ರಿಗೆ ಮಗ ಇಲ್ಲ. ನೀನೇ ಆಗು."

ನನ್ನ ಗಂಡನನ್ನು ಅಣ್ಣಾ ಎನ್ನುತ್ತಿದ್ದವನು, ನನ್ನನ್ನು ಅತ್ತಿಗೆ ಎನ್ನುತ್ತಿದ್ದವನು. ಒಂದು ತಲೆಮಾರು ಕೆಳಗಿಳಿದು, ಇಡೀ ಪಟ್ಟಣದ ಎದುರು, ಕ್ವಾರಿಯ ಕೂಲಿಯವನನ್ನು ಅಪ್ಪಾ ಎನ್ನಬೇಕು. ಅದೂ ಪಕ್ಷದ ಕಾರ್ಯದರ್ಶಿ, ತನ್ನ ಅಧಿಕಾರ ನಡೆಯದ ನೆಲದಲ್ಲಿ. ಅವನು ಗಡಿಕಲ್ಲನ್ನು ನೋಡಿದ. ಮಾವನ ಕಡೆ ನೋಡಿದ. ಮಾವ ಬೇರೆ ಕಡೆ ಮುಖ ತಿರುಗಿಸಿದ. ಅವನ ಕೈಯಲ್ಲಿ ಗಂಜಿ ಆರುತ್ತಿತ್ತು.

ಅವನು ಕಲ್ಲು ದಾಟಿ ಮಂಡಿಯೂರಿದ. ಏನು ಹೇಳಬೇಕು ಎಂದು ಕೇಳುವವನಂತೆ ನನ್ನತ್ತ ಕತ್ತು ತಿರುಗಿಸಿದ. ನಾನು ಹೇಳಿಕೊಟ್ಟೆ, ಅವನು ಹೇಳಿದ.

"ಹೌಪೋ ಊರಿನ ಮು ಚಾಂಗ್ಗೆನ್, ನನ್ನಪ್ಪ. ನಾನು ಸೇತುವೆ ಹತ್ರ ತಡೆದಿದ್ದೆ. ಈಗ ಕರ್ಕೊಂಡು ಬಂದಿದ್ದೀನಿ. ಒಳಗೆ ಕರ್ಕೊಳ್ಳಿ."

ಕೇಳಿಸಲಿಲ್ಲ ಎಂದೆ. ಧ್ವನಿವರ್ಧಕದಲ್ಲಿ ಕೂಗುವ ಹಾಗೆ ಕೂಗು ಎಂದೆ. ಅವನು ಕೂಗಿದ. ಕೂಗುತ್ತಾ ಗಂಟಲು ಒಡೆಯಿತು. ಹಣೆ ನೆಲಕ್ಕೆ ಹಚ್ಚಿದಾಗ ಅಲ್ಲಿ ಡಾಂಬರು ಇರಲಿಲ್ಲ, ಅದೊಂದು ಕೊರತೆ ಉಳಿಯಿತು. ಆಮೇಲೆ ಅವನ ತಾಯಿಯ ಹೆಸರು ಹೇಳಿದ. ಹೌಪೋ ಊರಿನ ಎಂದು ತಾನಾಗಿಯೇ ಸೇರಿಸಿದ. ನಾನು ಎದ್ದು ಮುದುಕಿಗೆ ನನ್ನ ಕೈಯಿಂದಲೇ ಊದಿನಕಡ್ಡಿ ಹಚ್ಚಿದೆ. ಆ ಹೊತ್ತಿಗೆ ನನ್ನ ಎದೆಯಲ್ಲಿ ಎಷ್ಟೋ ವರ್ಷದಿಂದ ಕುದಿಯುತ್ತಿದ್ದದ್ದು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ, ರುಚಿ ಹತ್ತಿತು.

ಮಗನೆಂದ ಮೇಲೆ ಒಂದು ದಿನಕ್ಕೆ ಮುಗಿಯುತ್ತದೆಯೇ. ಹತ್ತನೆಯ ತಿಂಗಳ ಮೊದಲ ದಿನ ಸತ್ತವರಿಗೆ ಕಾಗದದ ಚಳಿಬಟ್ಟೆ ಸುಡಬೇಕು. ನಾನು ಊರ ಕಚೇರಿಗೇ ಹೋಗಿ, ಸಭೆ ನಡೆಯುತ್ತಿದ್ದ ಕೋಣೆಯ ಬಾಗಿಲಲ್ಲಿ ನಿಂತು, ದೆಶುನ್, ನಿಮ್ಮಪ್ಪನಿಗೆ ಚಳಿಯಾಗುತ್ತಿದೆ ಬಾ ಎಂದೆ. ಬಂದ. ಬರದಿದ್ದರೆ ಗುಡಿಯ ಮುಂದೆ ಆಡಿದ ಮಾತು ಸುಳ್ಳಾಗುತ್ತದೆ. ಅವನ ತಾಯಿ ಒಳಗೆ ಹೋದದ್ದು ಆ ಮಾತಿನ ಬೆನ್ನಿಗೆ ತಾನೇ. ಹೊಸ ವರ್ಷದ ಬೆಳಿಗ್ಗೆ ಮನೆಗೆ ಬಂದು ಅಡ್ಡಬಿದ್ದು ಹೋಗು ಎಂದು ಹೇಳಿ ಕಳಿಸಿದೆ. ಅದಕ್ಕೂ ಬಂದ. ಎದ್ದ ಮೇಲೆ ಒಂದು ತಟ್ಟೆ ಕಡುಬು ಕೊಟ್ಟು, ಉಪ್ಪು ಸಾಕಾ ಮಗನೇ ಎಂದು ಕೇಳಿದೆ. ಸಂತೆಯಲ್ಲಿ ಮೂಲಂಗಿಯವನು ಸಹ ಅವನನ್ನು ಮು ಮನೆಯ ದೊಡ್ಡ ಮಗ ಎಂದು ಕೂಗತೊಡಗಿದ. ಧ್ವನಿವರ್ಧಕದಲ್ಲಿ ಅವನ ಸದ್ದು ಬರಬರುತ್ತಾ ಕಡಿಮೆಯಾಯಿತು.

ಯಾಚಿನ್ ಜಿಲ್ಲಾ ಕೇಂದ್ರದಲ್ಲಿ ಬಸ್ಸು ಓಡಿಸುತ್ತಾಳೆ. ಹೊಸ ವರ್ಷಕ್ಕೆ ಬಸ್ಸಿನವರಿಗೆ ಎಲ್ಲಿಯ ರಜೆ. ಆದರೆ ನಮ್ಮ ಕಡೆಯ ಪ್ರಯಾಣಿಕರ ಬಾಯಿಂದ ಅವಳಿಗೆ ಎಲ್ಲಾ ಮುಟ್ಟಿತ್ತು. ಫೋನಿನಲ್ಲಿ ನಾನು ಬಣ್ಣ ಕಟ್ಟಿ ಹೇಳುವಾಗ ಅವಳು ಹೂಂ ಹೂಂ ಎಂದಳೇ ಹೊರತು ಏನೂ ಹೇಳಲಿಲ್ಲ. ಅವಳಿಗೂ ಹೊಟ್ಟೆ ತಣ್ಣಗಾಗಿದೆ ಎಂದುಕೊಂಡೆ. ಅವಳಿಗಾಗಿಯೂ ತಾನೇ ನಾನು ಇಷ್ಟೆಲ್ಲ ಮಾಡಿದ್ದು.

ಚಿಂಗ್‌ಮಿಂಗ್ ಬಂತು, ಗೋರಿಗಳಿಗೆ ಹೊಸ ಮಣ್ಣು ಹಾಕುವ ಹಬ್ಬ. ಯಾಚಿನ್ ರಜೆ ಹಾಕಿ ಬಂದಳು. ನಾನು ದೆಶುನ್‌ಗೆ ಸಲಿಕೆ ತೆಗೆದುಕೊಂಡು ಬಾ ಎಂದು ಹೇಳಿಯಾಗಿತ್ತು. ಇಳಿಜಾರಿನಲ್ಲಿ ಅಕ್ಕಪಕ್ಕದ ಗೋರಿಗಳಿಗೆ ಬಂದವರೆಲ್ಲ ಕೆಲಸ ಬಿಟ್ಟು ನಮ್ಮ ಕಡೆಗೇ ನೋಡುತ್ತಿದ್ದರು. ಅವನು ಹೊಸ ಸಲಿಕೆ ಹಿಡಿದು, ತಲೆ ತಗ್ಗಿಸಿ ಬಂದು ನಿಂತ. ಕೂದಲು ಅರ್ಧ ಬೆಳ್ಳಗಾಗಿತ್ತು.

ಇವರು ಯಾಕೆ ಬಂದಿದ್ದಾರೆ ಎಂದು ಯಾಚಿನ್ ಕೇಳಿದಳು. ನಿಮ್ಮಪ್ಪನ ಮಗ, ಮಣ್ಣು ಹಾಕಲು ಬಂದಿದ್ದಾನೆ ಎಂದು ಸುತ್ತಲಿನವರಿಗೂ ಕೇಳುವಂತೆ ಹೇಳಿದೆ. ನಾಲ್ಕು ಜನ ನಕ್ಕರು. ಅವಳು ನಗಲಿಲ್ಲ.

"ಅಮ್ಮ, ಅವತ್ತು ಸೇತುವೆ ಮೇಲೆ ಇವ್ರು ಏನಂದ್ರು, ನೆನಪಿದೆಯಾ?"

"ಸಾಯೋ ತನಕ ಮರೆಯಲ್ಲ."

"ಮಗಳು ಹೇಳಿದ್ರೆ ಲೆಕ್ಕಕ್ಕೆ ಬರಲ್ಲ ಅಂದ್ರು. ಇವ್ರಂದಿದ್ದಕ್ಕೆ ನಾನು ಅಳ್ಲಿಲ್ಲ. ಯಾರೋ ಅಂದ್ರು, ಹೋಗ್ಲಿ ಅಂದ್ಕೊಂಡೆ. ನೀನು ಅದನ್ನ ನಂಬಿಬಿಟ್ಯಲ್ಲಮ್ಮ."

ನಾನು ಗೋರಿಯ ಮೇಲಿನ ಒಣ ಹುಲ್ಲು ಕಿತ್ತೆ.

"ಡಾಂಬರಿಗೆ ಹಣೆ ಹಚ್ಚಿ ಅಪ್ಪನ ಹೆಸ್ರು ಹೇಳಿದ್ದು ನಾನು" ಎಂದಳು. ಅವಳ ದನಿ ಏರಲಿಲ್ಲ. "ಅಪ್ಪ ಅವತ್ತೇ ಒಳಗೆ ಹೋದ್ರು ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಇವ್ರು ತಡೆದಿದ್ದು ಒಂದು ದಿನ. ಅವತ್ತಿಂದ ಅಪ್ಪನ್ನ ಬಾಗಿಲಲ್ಲಿ ನಿಲ್ಲಿಸ್ಕೊಂಡಿದ್ದು ನೀನು."

ನಾನು ಗೋರಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳ ಹಣೆಯ ಎಡಭಾಗದಲ್ಲಿ, ಕೂದಲ ಬುಡದಲ್ಲಿ, ಡಾಂಬರು ಕಿತ್ತ ಜಾಗದಲ್ಲಿ ಒಂದು ಬಿಳಿ ಕಲೆ ಈಗಲೂ ಇದೆ. ಒರೆಸಿದವಳು ನಾನೇ. ಒರೆಸುವಾಗ ನನ್ನ ಕಣ್ಣು ಆ ಹಣೆಯ ಮೇಲಿರಲಿಲ್ಲ, ಸೇತುವೆಯ ಮೇಲಿತ್ತು. ಬುಲ್ಡೋಜರಿನ ಸದ್ದಿನ ನಡುವೆ ಆ ಹುಡುಗಿ ಕೂಗಿದ್ದನ್ನು ನೆಲದಜ್ಜ ಕೇಳಿಸಿಕೊಂಡಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಒಂದು ಕಿವಿ ಮುಕ್ಕಾದರೇನು, ಇನ್ನೊಂದು ನೆಟ್ಟಗಿತ್ತಲ್ಲ. ಹಾಳಾದವನ ಮಾತನ್ನು ಅವನಿಗಿಂತ ಗಟ್ಟಿಯಾಗಿ ನಾನೇ ಹಿಡಿದುಕೊಂಡಿದ್ದೆ. ಇಡೀ ಪಟ್ಟಣವನ್ನು ಸೇರಿಸಿ ಅದನ್ನು ನಿಜ ಮಾಡಿ ತೋರಿಸಿದ್ದೆ.

ದೆಶುನ್ ಸಲಿಕೆ ಹಿಡಿದು ಹಾಗೇ ನಿಂತಿದ್ದ. ಹಾಕಲೋ ಬೇಡವೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಯಾಚಿನ್ ಕೈ ಚಾಚಿ ಅವನ ಕೈಯಿಂದ ಸಲಿಕೆ ತೆಗೆದುಕೊಂಡಳು. ಅವನು ನನ್ನ ಮುಖ ನೋಡಿದ.

"ಹೋಗಯ್ಯಾ" ಎಂದೆ. "ಇಲ್ಲಿ ಮಗಳಿದ್ದಾಳೆ."

ಅವನು ಬರ್ತೀನಿ ಅತ್ತಿಗೆ ಎಂದು ಇಳಿದು ಹೋದ. ಅವನ ಮೇಲೆ ನನಗೆ ಕರುಣೆ ಹುಟ್ಟಿತು ಎಂದು ಯಾರೂ ತಿಳಿಯಬೇಡಿ. ಈಗಲೂ ಆ ಕಮಾನಿನ ಕೆಳಗೆ ಹಾದು ಹೋಗುವಾಗಲೆಲ್ಲ ನಾನು ಉಗಿಯುತ್ತೇನೆ. ಆದರೆ ಅವತ್ತಿನಿಂದ ಅವನನ್ನು ಕರೆಯಲು ಹೋಗಿಲ್ಲ.

ಯಾಚಿನ್ ಮಣ್ಣು ಹಾಕುತ್ತಾ ಹೋದಳು. ಬಸ್ಸಿನ ಸ್ಟೇರಿಂಗ್ ತಿರುಗಿಸಿ ಗಟ್ಟಿಯಾದ ತೋಳು, ಬೇಗ ಬೇಗ ಎತ್ತಿ ಹಾಕಿ, ಸಲಿಕೆಯ ಬೆನ್ನಿನಿಂದ ತಟ್ಟಿ ಗುಂಡಗೆ ಮಾಡಿದಳು. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿದಳು. ಸಲಿಕೆ ದೆಶುನ್‌ನದು, ಒಳ್ಳೆಯ ಸಲಿಕೆ. ನಾವು ಅದನ್ನು ಹಿಂದಿರುಗಿಸಲಿಲ್ಲ.